ಹೆಸರು ಕೆಟ್ಟ ಊರಿನ ಹಗಲು

ವಿಜಯವಾಡದಿಂದ ಚೆನ್ನೈಗೆ ಸಾಗುವ ರೈಲುದಾರಿಯಲ್ಲಿ, ಬಾಪಟ್ಲ ಮತ್ತು ಚೀರಾಲ ಪಟ್ಟಣಗಳ ನಡುವೆ, ಸ್ಟುವರ್ಟ್‌ಪುರಂ ಎಂಬ ಪುಟ್ಟ ನಿಲ್ದಾಣವೊಂದುಂಟು. ಬಂಗಾಳ ಕೊಲ್ಲಿಯ ತೀರ ಅಲ್ಲಿಂದ ಬಹು ದೂರವಿಲ್ಲ. ಸುತ್ತ ಸಮತಟ್ಟಾದ ಬಯಲು, ಭತ್ತದ ಗದ್ದೆ, ನಡುನಡುವೆ ತಾಳೆಯ ಮರಗಳು. ಆದರೆ ತೆಲುಗು ನಾಡಿನಲ್ಲಿ ಈ ಹೆಸರನ್ನು ಉಚ್ಚರಿಸಿದರೆ ಕೇಳುವವರ ಮನಸ್ಸಿಗೆ ಬರುವುದು ಗದ್ದೆಯಲ್ಲ, ತಾಳೆಯಲ್ಲ, ಕಳ್ಳರು! 1991ರ ಒಂದೇ ವರ್ಷದಲ್ಲಿ ಈ ಊರಿನ ಹೆಸರನ್ನು ಹೊತ್ತ ಎರಡು ತೆಲುಗು ಚಿತ್ರಗಳು ತೆರೆಗೆ ಬಂದುವು. ಅವುಗಳಲ್ಲೊಂದನ್ನು ನಿರ್ದೇಶಿಸಿದವರು ಕನ್ನಡದ ವಾಚಕರಿಗೂ ತಮ್ಮ ಧಾರಾವಾಹಿಗಳಿಂದ ಚಿರಪರಿಚಿತರಾದ ಯಂಡಮೂರಿ ವೀರೇಂದ್ರನಾಥರು.

ಒಂದು ಊರಿಗೆ ಇಂಥ ಕೀರ್ತಿ ಬಂದುದಾದರೂ ಹೇಗೆ? ಊರಿನ ಹೆಸರಿನಲ್ಲಿಯೇ ಅದರ ಸುಳಿವಿದೆ. ತೆಲುಗು ಹಳ್ಳಿಗೆ ಸ್ಟುವರ್ಟ್ ಎಂಬ ಆಂಗ್ಲ ಹೆಸರು ತಾನಾಗಿ ಅಂಟಿಕೊಳ್ಳುವುದಿಲ್ಲ. ಅದು ಮದರಾಸು ಸರ್ಕಾರದ ಉನ್ನತಾಧಿಕಾರಿಯಾಗಿದ್ದ ಸರ್ ಹೆರಾಲ್ಡ್ ಸ್ಟುವರ್ಟನ ಹೆಸರು. ಈ ಊರು ತಾನಾಗಿ ಬೆಳೆದುದಲ್ಲ, ಸರ್ಕಾರವು ಕಟ್ಟಿಸಿದ್ದು. ಅಲ್ಲಿ ನೆಲಸಿದವರೂ ತಾವಾಗಿ ಬಂದವರಲ್ಲ, ತಂದು ನೆಲಸಿಸಲ್ಪಟ್ಟವರು.

ಅವರು ಎರುಕಲರು. ಕರ್ನಾಟಕದ ಕೊರಮ, ಕೊರಚ, ಕೊರವ ಜನರಿಗೆ ಬಳಗದವರು. ಬುಟ್ಟಿ ಹೆಣೆಯುವುದು, ಕಣಿ ಹೇಳುವುದು ಇವರ ಕಸುಬೆಂದು ಎಲ್ಲರೂ ಬಲ್ಲರು. ಆದರೆ ಇವರಿಗೆ ಅದಕ್ಕಿಂತ ಹಿರಿದಾದ ಇನ್ನೊಂದು ಕಸುಬಿತ್ತು. ಕಡಲತೀರದ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ಒಯ್ಯುವುದು. ಅಲ್ಲಿಂದ ಧಾನ್ಯವನ್ನು ಹೇರಿಕೊಂಡು ಮರಳುವುದು. ಒಳನಾಡಿನ ಎಷ್ಟೋ ಹಳ್ಳಿಗಳ ಅಡುಗೆಗೆ ರುಚಿ ಬಂದುದು ಇವರ ಕಾಲ್ನಡಿಗೆಯಿಂದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಾಳು ಕುಸಿಯಿತು. ಉಪ್ಪು ಸರ್ಕಾರದ ಬಿಗಿ ಹಿಡಿತಕ್ಕೆ ಸಿಕ್ಕಿತು. ಅದನ್ನು ಒಯ್ಯಲು ರೈಲು ಬಂದಿತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ದನಕರುಗಳು ಸತ್ತುವು. ಅರಣ್ಯದ ಕಾನೂನುಗಳು ಬುಟ್ಟಿಗೆ ಬೇಕಾದ ಬಿದಿರಿಗೂ ಅಡ್ಡಬಂದುವು. ಕಸುಬು ಹೋಯಿತು, ಅಲೆಮಾರಿತನ ಮಾತ್ರ ಉಳಿಯಿತು. ಅಲೆಯುವವರನ್ನು ಕಂಡರೆ ಸರ್ಕಾರಕ್ಕೆ ಸಂಶಯ. ಹೊಟ್ಟೆಗಿಲ್ಲದವರಲ್ಲಿ ಕೆಲವರು ಕದ್ದುದೂ ನಿಜ. ಆದರೆ ಸರ್ಕಾರವು ಕದ್ದವನನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಇಡೀ ಕುಲವನ್ನೇ ಕಳ್ಳರೆಂದು ಬರೆದುಕೊಂಡಿತು.

1871ರಲ್ಲಿ ಉತ್ತರ ಭಾರತಕ್ಕಾಗಿ ಮಾಡಿದ ‘ಅಪರಾಧಿ ಬುಡಕಟ್ಟುಗಳ ಕಾನೂನು’ 1911ರಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು. ಅದರ ಪ್ರಕಾರ ಒಬ್ಬನು ಅಪರಾಧಿ ಎನಿಸಿಕೊಳ್ಳಲು ಅಪರಾಧ ಮಾಡಬೇಕಾಗಿರಲಿಲ್ಲ; ಆ ಕುಲದಲ್ಲಿ ಹುಟ್ಟಿದರೆ ಸಾಕಾಗಿತ್ತು. ಬೆರಳಚ್ಚು ಕೊಡಬೇಕು, ಹಾಜರಿ ಹೇಳಬೇಕು, ಊರು ಬಿಡಬೇಕಾದರೆ ರಹದಾರಿ ಪಡೆಯಬೇಕು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸುವ ಅಧಿಕಾರವನ್ನೂ ಕಾನೂನು ಸರ್ಕಾರಕ್ಕೆ ಕೊಟ್ಟಿತ್ತು. 1913ರ ಸುಮಾರಿಗೆ ಸ್ಟುವರ್ಟ್‌ಪುರಂ ಸ್ಥಾಪಿತವಾದಾಗ ಅದರ ಆಡಳಿತವನ್ನು ‘ಸಾಲ್ವೇಷನ್ ಆರ್ಮಿ’ ಎಂಬ ಕ್ರೈಸ್ತ ಸಂಸ್ಥೆಗೆ ಒಪ್ಪಿಸಲಾಯಿತು. ನಿವಾಸಿಗಳಿಗೆ ಉಳಲು ಭೂಮಿ ದೊರೆಯಿತು, ಮಕ್ಕಳಿಗೆ ಶಾಲೆ ದೊರೆಯಿತು. ಚೀರಾಲದ ತಂಬಾಕಿನ ಕಾರ್ಖಾನೆಗೆ ಕೈಯಾಳುಗಳೂ ದೊರೆತರು. ಉದ್ಧಾರವೂ ದುಡಿಮೆಯೂ ಕಾವಲೂ ಒಂದೇ ಬೇಲಿಯೊಳಗೆ ನಡೆದುವು.

ಇದು ಆಂಧ್ರದ ಕಥೆ ಮಾತ್ರವೆಂದು ಕನ್ನಡಿಗರು ನಿಶ್ಚಿಂತರಾಗುವಂತಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿಯೂ ಇಂಥ ಕಟ್ಟುಪಾಡಿನ ವಸತಿಗಳಿದ್ದುವು. ಹುಬ್ಬಳ್ಳಿಯಲ್ಲಿ, ಗದಗ–ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಆ ಹೆಸರಿನ ಹಿಂದಿನ ಮುಳ್ಳುಬೇಲಿಯನ್ನು ನೆನೆಯುವವರು ಮಾತ್ರ ವಿರಳ.

1936ರಲ್ಲಿ ನೆಲ್ಲೂರಿಗೆ ಬಂದಿದ್ದ ಜವಾಹರಲಾಲ್ ನೆಹರು ಈ ಕಾನೂನನ್ನು ಕಟುವಾಗಿ ಖಂಡಿಸಿದರು. ಮದರಾಸು ಪ್ರಾಂತವು 1947ರಲ್ಲಿ ಅದನ್ನು ತೆಗೆದುಹಾಕಿತು. 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ರದ್ದಾಯಿತು. ಬೇಲಿ ಬಿದ್ದಿತು; ಹೆಸರು ಬೀಳಲಿಲ್ಲ. ದಫ್ತರದಲ್ಲಿ ಹೊಡೆದುಹಾಕಿದ ಮಾತು ನೆರೆಹೊರೆಯವರ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಕಳ್ಳನೆಂದು ಕರೆಸಿಕೊಂಡವನಿಗೆ ಯಾರು ಕೆಲಸ ಕೊಡುವರು? ಕೆಲಸವಿಲ್ಲದವನು ಕದ್ದಾಗ, ‘ನಾವು ಹೇಳಲಿಲ್ಲವೇ?’ ಎನ್ನುವ ಲೋಕ ಸಿದ್ಧವಾಗಿಯೇ ಇತ್ತು. ಸ್ಟುವರ್ಟ್‌ಪುರಂನಿಂದ ನಿಜವಾಗಿಯೂ ಹೆಸರಾಂತ ದರೋಡೆಕಾರರು ಹೊರಟರು. ಅವರಲ್ಲಿ ಟೈಗರ್ ನಾಗೇಶ್ವರರಾವ್ ಎಂಬಾತನು ಪೊಲೀಸರ ಗುಂಡಿಗೆ ಬಲಿಯಾದನು. ಕಥೆಗಾರರಿಗೂ ಚಿತ್ರ ತಯಾರಕರಿಗೂ ಬೇಕಾದವರು ಇಂಥವರೇ. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಂತು ನಾಟಿ ಮಾಡುವವಳ ಮೇಲೆ ಯಾರು ಚಿತ್ರ ತೆಗೆಯುವರು?

ಊರನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದರು. ನಾಸ್ತಿಕವಾದಿ ಗೋರಾ ಅವರ ಮಗ ಲವಣಂ ಮತ್ತು ಅವರ ಪತ್ನಿ, ತೆಲುಗಿನ ಪ್ರಸಿದ್ಧ ಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ, 1970ರ ದಶಕದಲ್ಲಿ ಇಲ್ಲಿ ಕೆಲಸ ಆರಂಭಿಸಿದರು. ವಿನೋಬಾ ಭಾವೆ ಮತ್ತು ಜಯಪ್ರಕಾಶ ನಾರಾಯಣರು ಚಂಬಲ್ ಕಣಿವೆಯ ಡಕಾಯಿತರ ಮನಸ್ಸನ್ನು ಒಲಿಸಿದುದು ಅವರಿಗೆ ಮೇಲ್ಪಂಕ್ತಿಯಾಗಿತ್ತು. ಅವರ ‘ಸಂಸ್ಕಾರ್’ ಸಂಸ್ಥೆಯು ಮನೆಮನೆಗೆ ಹೋಯಿತು. ಜೈಲು ಕಂಡುಬಂದವರೊಡನೆ ಕುಳಿತು ಮಾತನಾಡಿತು. ಹೆಂಗಸರ ಮಾತು ಕೇಳಿತು. ಮಕ್ಕಳ ಓದಿಗೆ ಗಮನ ಕೊಟ್ಟಿತು. ದೇವರ ಹೆಸರಿನಲ್ಲಿ ಬಂದವರು ಹಾಕಿದ ಬೇಲಿಯೊಳಗೆ, ದೇವರನ್ನು ಒಪ್ಪದವರು ನಂಬಿಕೆಯನ್ನು ಬಿತ್ತಿದರು.

ಇಂದಿನ ಸ್ಟುವರ್ಟ್‌ಪುರಂ ಬಾಪಟ್ಲ ಜಿಲ್ಲೆಯ ಇತರ ಊರುಗಳಂತೆಯೇ ಮಳೆಯ ದಾರಿ ಕಾಯುವ, ತುಫಾನಿಗೆ ಹೆದರುವ ಊರು. ಹತ್ತಿರದ ಬಾಪಟ್ಲದಲ್ಲಿ 1945ರಲ್ಲಿ ಸ್ಥಾಪಿತವಾದ ಕೃಷಿ ಕಾಲೇಜಿದೆ. ಚೀರಾಲದಲ್ಲಿ ಕೈಮಗ್ಗಗಳ ಸದ್ದಿದೆ. ಊರಿನ ಮಕ್ಕಳು ಶಾಲೆಗೆ ಹೋಗುತ್ತಾರೆ, ದೊಡ್ಡವರು ಹೊಲಕ್ಕೂ ಕೂಲಿಗೂ ನೌಕರಿಗೂ ಹೋಗುತ್ತಾರೆ. ಉದ್ಯೋಗದ ಅರ್ಜಿಯಲ್ಲಿ ವಿಳಾಸ ಬರೆಯುವಾಗ ಇಲ್ಲಿನ ತರುಣನ ಲೇಖನಿ ಒಂದು ಗಳಿಗೆ ತಡೆದರೆ, ಆ ತಡೆ ಅವನ ಅಪರಾಧವಲ್ಲ.

2023ರಲ್ಲಿ ನಾಗೇಶ್ವರರಾವ್ ಕುರಿತ ಚಿತ್ರವೊಂದು ಸಿದ್ಧವಾದಾಗ, ಅದು ಊರಿನ ಮತ್ತು ಎರುಕಲರ ಮಾನಕ್ಕೆ ಕುಂದು ತರುತ್ತದೆಂಬ ದೂರು ಆಂಧ್ರ ಪ್ರದೇಶದ ಹೈಕೋರ್ಟಿನ ಮೆಟ್ಟಿಲೇರಿತು. ಚಿತ್ರ ತೆರೆಕಂಡಿತು, ನಿಜ. ಆದರೆ ನೂರು ವರ್ಷಗಳ ಕಾಲ ಪರರು ಹೇಳಿದ ಕಥೆಗೆ ಉತ್ತರವಿದೆಯೆಂಬುದನ್ನು ನ್ಯಾಯಾಲಯ ಕೇಳಿಸಿಕೊಂಡಿತು. ಮರುವರ್ಷ, 2024ರ ಅಕ್ಟೋಬರ್‌ನಲ್ಲಿ, ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ಮತ್ತು ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ನಿಯಮಗಳನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕಾನೂನು ರದ್ದಾಗಿ ಎಪ್ಪತ್ತೆರಡು ವರ್ಷಗಳಾದರೂ ಅದರ ನೆರಳು ಜೈಲಿನ ಪುಸ್ತಕಗಳಲ್ಲಿ ಉಳಿದಿತ್ತೆಂದಾಯಿತು!

ಯಾವ ಊರಿನಲ್ಲಿ ಕಳ್ಳರಿಲ್ಲ? ಬೆಂಗಳೂರಿನ ಮನೆಗಳಿಗೂ ಬೀಗ ಹಾಕುತ್ತಾರೆ. ಹಾಗೆಂದು ಬೆಂಗಳೂರಿಗರನ್ನು ಯಾರೂ ಹುಟ್ಟುಗಳ್ಳರೆನ್ನುವುದಿಲ್ಲ. ಸ್ಟುವರ್ಟ್‌ಪುರಂನ ಜನರು ಬಯಸುವುದು ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ: ಕದ್ದವನನ್ನು ಅವನ ಹೆಸರಿನಿಂದ ಕರೆಯಿರಿ, ಊರನ್ನು ಊರೆಂದು ಕರೆಯಿರಿ ಎಂಬುದಷ್ಟೇ.