ಚಟುವಟಿಕೆ ಸಿದ್ಧಾಂತ: ದುಡಿಮೆ ಮತ್ತು ಸಂದರ್ಭದ ಅಧ್ಯಯನ

ಜಾನಪದ ಅಧ್ಯಯನದಲ್ಲಿ ‘ಸಂದರ್ಭ’ ಎಂಬ ಪರಿಕಲ್ಪನೆ ಹೊಸದಲ್ಲ. 1923ರಲ್ಲಿ ಮಲಿನೋವ್‌ಸ್ಕಿ ಅವರು ಮಾತಿನ ಅರ್ಥವನ್ನು ಅದು ಬಳಕೆಯಾಗುವ ಸನ್ನಿವೇಶದಲ್ಲಿ ಹುಡುಕಬೇಕೆಂದರು. 1964ರಲ್ಲಿ ಅಲನ್ ಡಂಡಸ್ ಅವರು ಪಠ್ಯ ಮತ್ತು ಅದರ ಹೆಣಿಗೆಯ ಜೊತೆಗೆ ಸಂದರ್ಭಕ್ಕೂ ಸಮಾನ ಸ್ಥಾನ ನೀಡಿದರು. ಆದರೂ ಕ್ಷೇತ್ರಕಾರ್ಯದ ಬಳಕೆಯಲ್ಲಿ ಸಂದರ್ಭವೆಂಬುದು ಬಹುಮಟ್ಟಿಗೆ ಹಾಡಿದವರ ಹೆಸರು, ವಯಸ್ಸು, ಊರು, ವೇಳೆ ಇವುಗಳ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಪಠ್ಯವೆಂಬ ಕಾಳನ್ನು ತುಂಬಿಟ್ಟ ಪಾತ್ರೆಯಂತೆ ಸಂದರ್ಭವನ್ನು ಭಾವಿಸಿದ್ದರ ಪರಿಣಾಮವಿದು. ಮನುಷ್ಯನ ದುಡಿಮೆಗೂ ಅದರ ಸಂದರ್ಭಕ್ಕೂ ಇರುವ ಸಂಬಂಧ ಇಂಥದ್ದಲ್ಲ, ದುಡಿಮೆಯೇ ತನ್ನ ಸಂದರ್ಭವನ್ನು ಕಟ್ಟಿಕೊಳ್ಳುತ್ತದೆ ಎಂಬ ನಿಲುವನ್ನು ಚಟುವಟಿಕೆ ಸಿದ್ಧಾಂತ (ಆಕ್ಟಿವಿಟಿ ಥಿಯರಿ) ಮಂಡಿಸುತ್ತದೆ.

ಈ ಸಿದ್ಧಾಂತದ ಬೇರುಗಳು 1920 ಮತ್ತು 30ರ ದಶಕಗಳ ಸೋವಿಯತ್ ಮನೋವಿಜ್ಞಾನದಲ್ಲಿವೆ. ಲೆವ್ ವೈಗಾಟ್‌ಸ್ಕಿ (1896–1934) ಅವರು ಮನುಷ್ಯನ ವರ್ತನೆಯನ್ನು ಪ್ರಚೋದನೆ ಮತ್ತು ಪ್ರತಿಕ್ರಿಯೆಗಳ ನೇರ ಸಂಬಂಧವಾಗಿ ಕಾಣುವ ಕ್ರಮವನ್ನು ಒಪ್ಪಲಿಲ್ಲ. ಮನುಷ್ಯನಿಗೂ ಲೋಕಕ್ಕೂ ನಡುವೆ ಸಂಸ್ಕೃತಿ ರೂಪಿಸಿದ ಸಾಧನವೊಂದು ಸದಾ ಇರುತ್ತದೆ ಎಂಬುದು ಅವರ ವಿಚಾರ. ಕೊಡಲಿ, ನೇಗಿಲುಗಳಂತೆ ಭಾಷೆ, ಎಣಿಕೆ, ನೆನಪಿಗಾಗಿ ಸೆರಗಿಗೆ ಹಾಕಿಕೊಳ್ಳುವ ಗಂಟು ಇವೂ ಸಾಧನಗಳೇ. ಒಂದು ಬಗೆಯವು ಹೊರಗಿನ ವಸ್ತುವನ್ನು ಬದಲಿಸಿದರೆ, ಇನ್ನೊಂದು ಬಗೆಯವು ಬಳಸುವವರ ಮನಸ್ಸನ್ನೇ ರೂಪಿಸುತ್ತವೆ.

ಅವರ ಸಹವರ್ತಿ ಅಲೆಕ್ಸಿ ಲಿಯಾಂಟ್ಯೆವ್ (1903–1979) ಅವರು ಈ ವಿಚಾರವನ್ನು ಸಾಮೂಹಿಕ ದುಡಿಮೆಗೆ ವಿಸ್ತರಿಸಿದರು. ಅವರು ನೀಡುವ ಬೇಟೆಯ ನಿದರ್ಶನ ಪ್ರಸಿದ್ಧವಾದುದು. ಗುಂಪು ಬೇಟೆಯಲ್ಲಿ ಒಬ್ಬನು ಸದ್ದು ಮಾಡಿ ಮೃಗಗಳನ್ನು ಬೆದರಿಸಿ ಓಡಿಸುತ್ತಾನೆ. ಹಸಿದವನು ಆಹಾರವನ್ನು ತನ್ನಿಂದ ದೂರ ಓಡಿಸುವುದು ಮೇಲುನೋಟಕ್ಕೆ ಅಸಂಬದ್ಧ. ಆಚೆ ಬದಿಯಲ್ಲಿ ಹೊಂಚಿ ಕುಳಿತವರನ್ನೂ, ಬೇಟೆ ಮುಗಿದ ಮೇಲೆ ದೊರೆಯುವ ಪಾಲನ್ನೂ ಗಣಿಸಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಇದರಿಂದ ಲಿಯಾಂಟ್ಯೆವ್ ಅವರು ಮೂರು ಸ್ತರಗಳನ್ನು ಗುರುತಿಸಿದರು. ಸಮೂಹದ ಪ್ರೇರಣೆಯಿಂದ ಹುಟ್ಟುವುದು ಚಟುವಟಿಕೆ. ವ್ಯಕ್ತಿಯ ಪ್ರಜ್ಞಾಪೂರ್ವಕ ಉದ್ದೇಶದಿಂದ ನಡೆಯುವುದು ಕ್ರಿಯೆ. ಪರಿಸ್ಥಿತಿಗೆ ತಕ್ಕಂತೆ ಕೈಗೆ ರೂಢಿಯಾಗಿ, ಯೋಚಿಸದೆಯೇ ನಡೆಯುವುದು ನಿರ್ವಹಣೆ.

ಅಮೆರಿಕದ ಸಿಲ್ವಿಯಾ ಸ್ಕ್ರಿಬ್ನರ್ (1923–1991) ಅವರು ಹಾಲಿನ ಡೈರಿಯೊಂದರ ಕಾರ್ಮಿಕರನ್ನು ಕುರಿತು ನಡೆಸಿದ, 1980ರ ದಶಕದಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ ಒದಗಿಸುತ್ತದೆ. ಅಲ್ಲಿ ಒಂದು ಕ್ರೇಟಿಗೆ 16 ಪೊಟ್ಟಣಗಳು ಹಿಡಿಯುತ್ತಿದ್ದವು. ಹತ್ತು ಪೊಟ್ಟಣ ಬೇಕಾದಾಗ ಬೇಡಿಕೆ ಪಟ್ಟಿಯಲ್ಲಿ ಒಂದು ಕ್ರೇಟಿನಲ್ಲಿ ಆರು ಕಡಿಮೆ ಎಂದು ನಮೂದಾಗಿರುತ್ತಿತ್ತು. ಅನುಭವಿ ಕಾರ್ಮಿಕರು ಪಟ್ಟಿಯ ಲೆಕ್ಕವನ್ನು ಅಕ್ಷರಶಃ ಪಾಲಿಸುತ್ತಿರಲಿಲ್ಲ. ಎಂಟು ಪೊಟ್ಟಣಗಳಿರುವ ಕ್ರೇಟು ಪಕ್ಕದಲ್ಲಿದ್ದರೆ ಅದಕ್ಕೆ ಎರಡನ್ನು ಸೇರಿಸುತ್ತಿದ್ದರು. ಹನ್ನೊಂದಿರುವ ಕ್ರೇಟಿದ್ದರೆ ಒಂದನ್ನು ತೆಗೆಯುತ್ತಿದ್ದರು. ಕಡಿಮೆ ಶ್ರಮದ ದಾರಿ ಅವರ ಕಣ್ಣಿಗೆ ಕೂಡಲೇ ಕಾಣುತ್ತಿತ್ತು. ಅದೇ ಕೆಲಸವನ್ನು ಶಾಲಾ ವಿದ್ಯಾರ್ಥಿಗಳಿಗೆ ವಹಿಸಿದಾಗ ಅವರು ಹೆಚ್ಚಾಗಿ ಪಟ್ಟಿಯ ಲೆಕ್ಕಕ್ಕೇ ಅಂಟಿಕೊಂಡರು. ಕೌಶಲವಿಲ್ಲದ ಕೆಲಸವೆಂದು ಎಣಿಸಲಾದ ದುಡಿಮೆಯಲ್ಲಿಯೂ ಚಿಂತನೆಯಿದೆ, ಆ ಚಿಂತನೆ ತಲೆಯೊಳಗಷ್ಟೇ ಇರದೆ ಕ್ರೇಟು, ಕೈ ಮತ್ತು ಕಣ್ಣುಗಳ ನಡುವೆ ಹರಡಿಕೊಂಡಿದೆ ಎಂಬುದು ಇದರ ಫಲಿತಾಂಶ.

ಫಿನ್‌ಲೆಂಡಿನ ಯೂರ್ಯೊ ಎಂಗೆಸ್ಟ್ರೊಮ್ ಅವರು 1987ರಲ್ಲಿ ಈ ಚೌಕಟ್ಟನ್ನು ಮತ್ತಷ್ಟು ಬೆಳೆಸಿದರು. ಕರ್ತೃ, ಗುರಿವಸ್ತು, ಸಾಧನ ಎಂಬ ಮೂರು ಅಂಶಗಳಿಗೆ ಸಮುದಾಯ, ನಿಯಮ, ಶ್ರಮವಿಭಜನೆ ಎಂಬ ಮೂರನ್ನು ಸೇರಿಸಿ, ಈ ಆರರ ಪರಸ್ಪರ ಸಂಬಂಧವೇ ಚಟುವಟಿಕೆ ಎಂದರು. ಈ ಅಂಶಗಳ ನಡುವೆ ತಲೆದೋರುವ ವೈರುಧ್ಯವನ್ನು ಅವರು ದೋಷವೆಂದು ಬಗೆಯದೆ ಬದಲಾವಣೆಯ ಮೂಲವೆಂದು ಪರಿಗಣಿಸಿದರು. ಹೆಲ್ಸಿಂಕಿಯ ಮಕ್ಕಳ ಚಿಕಿತ್ಸಾ ವ್ಯವಸ್ಥೆಯನ್ನು ಕುರಿತ ಅವರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಕಾಯಿಲೆಯ ಮಕ್ಕಳು ಆಸ್ಪತ್ರೆಗೂ ಆರೋಗ್ಯ ಕೇಂದ್ರಕ್ಕೂ ನಡುವೆ ಓಡಾಡುತ್ತಿದ್ದರೂ ಇಡೀ ಚಿಕಿತ್ಸೆಯ ಹೊಣೆ ಯಾರದೆಂಬುದು ಸ್ಪಷ್ಟವಿರಲಿಲ್ಲ. ವೈದ್ಯರು, ದಾದಿಯರು ಮತ್ತು ಪೋಷಕರು ಒಂದೆಡೆ ಕುಳಿತು ಚರ್ಚಿಸಿದಾಗ ‘ಚಿಕಿತ್ಸಾ ಒಪ್ಪಂದ’ ಎಂಬ ಹೊಸ ಸಾಧನ ರೂಪುಗೊಂಡಿತು.

ಈ ಚಿಂತನೆ ಕನ್ನಡ ಜಾನಪದಕ್ಕೆ ಹೇಗೆ ಪ್ರಸ್ತುತ ಎಂಬುದನ್ನು ಬೀಸುವ ಪದಗಳ ನಿದರ್ಶನದಿಂದ ಪರಿಶೀಲಿಸಬಹುದು. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನದಿಂದ ಮೊದಲ್ಗೊಂಡು ಹೆಣ್ಣುಮಕ್ಕಳ ತ್ರಿಪದಿಗಳು ಕಾವ್ಯವಾಗಿ ಮನ್ನಣೆ ಪಡೆದಿವೆ. ಈ ಮನ್ನಣೆ ಅರ್ಹವಾದುದೇ. ಆದರೆ ಬೀಸುವ ಪದವನ್ನು ಕಾವ್ಯವೆಂದಷ್ಟೇ ಓದಿದಾಗ ಬೀಸುವಿಕೆ ಮರೆಯಾಗುತ್ತದೆ. ನಸುಕಿನಲ್ಲಿ ಎದ್ದು, ಎದುರುಬದುರಾಗಿ ಕುಳಿತು, ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುವ ಇಬ್ಬರು ಹೆಂಗಸರು ಇಲ್ಲಿ ಕರ್ತೃಗಳು. ಜೋಳ ಅಥವಾ ರಾಗಿ ಹಿಟ್ಟಾಗುವುದು ಗುರಿ. ಬೀಸುವ ಕಲ್ಲಿನಂತೆ ಹಾಡೂ ಒಂದು ಸಾಧನ. ಅದು ಇಬ್ಬರ ತೋಳಿನ ಲಯವನ್ನು ಒಂದುಗೂಡಿಸುತ್ತದೆ, ದಣಿವನ್ನು ತಾಳಿಕೊಳ್ಳುವಂತೆ ಮಾಡುತ್ತದೆ. ಬೀಸುವ ಪಾಳಿ ಯಾರದು, ಮೊದಲು ಉಣ್ಣುವವರು ಯಾರು ಎಂಬುದನ್ನು ಮನೆಯ ನಿಯಮ ಮತ್ತು ಶ್ರಮವಿಭಜನೆಗಳು ನಿರ್ಧರಿಸುತ್ತವೆ. ಎದುರಿಗೆ ಹೇಳಲಾಗದ ಮಾತು ಹಾಡಿನಲ್ಲಿ ಬರುವುದು ಈ ಕಟ್ಟುಪಾಡಿನಿಂದಲೇ. ಹೀಗೆ ನೋಡಿದಾಗ ತವರಿನ ಹಂಬಲ, ಅತ್ತೆಮನೆಯ ಅಳಲು ಇವು ಕಾವ್ಯವಸ್ತುಗಳಷ್ಟೇ ಅಲ್ಲ. ಆ ದುಡಿಮೆಯ ಒಳಗಿನ ವೈರುಧ್ಯಗಳು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಗಳು ನಶಿಸಿದವು ಎಂಬ ಮಾತು ಸಾಮಾನ್ಯ. ಈ ವಿದ್ಯಮಾನವನ್ನು ಚಟುವಟಿಕೆ ಸಿದ್ಧಾಂತ ಬೇರೆ ರೀತಿಯಲ್ಲಿ ವಿವರಿಸುತ್ತದೆ. ಗಿರಣಿ ಬದಲಿಸಿದ್ದು ಸಾಧನವನ್ನು. ಅದರೊಂದಿಗೆ ಶ್ರಮವಿಭಜನೆಯೂ ಬದಲಾಗಿ, ಹಾಡು ನಿರ್ವಹಿಸುತ್ತಿದ್ದ ಕೆಲಸ ಇಲ್ಲವಾಯಿತು. ಅದೇ ತ್ರಿಪದಿಯನ್ನು ಇಂದು ವೇದಿಕೆಯ ಮೇಲೆ ಹಾಡಿದಾಗ ಹಾಡೇ ಗುರಿವಸ್ತುವಾಗುತ್ತದೆ. ಸಮುದಾಯದ ಜಾಗದಲ್ಲಿ ಶ್ರೋತೃವರ್ಗ ಬರುತ್ತದೆ. ಪದಗಳು ಅವೇ ಆದರೂ ಚಟುವಟಿಕೆ ಬೇರೆ. ಆದ್ದರಿಂದ ಹಾಡು ಉಳಿದಿದೆಯೋ ಅಳಿದಿದೆಯೋ ಎಂಬ ಪ್ರಶ್ನೆಗಿಂತ ಅದು ಈಗ ಯಾವ ಚಟುವಟಿಕೆಯ ಭಾಗವಾಗಿದೆ ಎಂಬ ಪ್ರಶ್ನೆ ಹೆಚ್ಚು ಫಲಪ್ರದ. ಗಿರಣಿ ಹೆಂಗಸರ ತೋಳಿಗೆ ನೀಡಿದ ಬಿಡುವನ್ನು ಲೆಕ್ಕಿಸದೆ ಹಾಡಿನ ನಷ್ಟಕ್ಕಾಗಿ ಮಾತ್ರ ಮರುಗುವ ಅಧ್ಯಯನ ಅಪೂರ್ಣವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಈ ಸಿದ್ಧಾಂತಕ್ಕೆ ಮಿತಿಗಳೂ ಇವೆ. ಆರು ಅಂಶಗಳನ್ನು ನಮೂನೆಯ ಖಾಲಿ ಅಂಕಣಗಳಂತೆ ತುಂಬಿದರೆ ವಿವರಣೆ ಯಾಂತ್ರಿಕವಾಗುತ್ತದೆ. ಗುರಿಯೊಂದನ್ನು ಮೊದಲೇ ನಿಗದಿಪಡಿಸಿಕೊಂಡು ಹೊರಡುವುದರಿಂದ ಗುರಿಯಿಲ್ಲದ ಹರಟೆ, ಆಟ, ಭಕ್ತಿಯ ತನ್ಮಯತೆ ಇವು ಕೈಜಾರಬಹುದು. ಹಾಡುವವರ ದನಿಯ ಸೊಗಸಿಗೂ ಇಲ್ಲಿ ಪ್ರತ್ಯೇಕ ಸ್ಥಾನವಿಲ್ಲ; ಅದಕ್ಕೆ ಪ್ರದರ್ಶನ ಸಿದ್ಧಾಂತದ ನೆರವು ಬೇಕು.

ಹೀಗಿದ್ದರೂ ಕ್ಷೇತ್ರಕಾರ್ಯಕ್ಕೆ ಇದರಿಂದ ದೊರೆಯುವ ಪ್ರಯೋಜನ ಸ್ಪಷ್ಟವಾದುದು. ಹಾಡನ್ನು ದಾಖಲಿಸುವಾಗ ಕಲ್ಲಿನ ಭಾರ, ಒಮ್ಮೆಗೆ ಬೀಸುವ ಕಾಳಿನ ಪ್ರಮಾಣ, ಜೊತೆಗೆ ಕೂತವರ ನಂಟು, ಸವೆದ ಕಲ್ಲಿಗೆ ಉಳಿಪೆಟ್ಟು ಹಾಕಿಕೊಡುವವರ ಕಸುಬು ಇವೂ ದಾಖಲಾಗಬೇಕಾಗುತ್ತದೆ. ಕಲ್ಲು ಹಿಡಿದ ಕೈಗಳ ನೆನಪಿರುವ ತಲೆಮಾರು ಕಡಿಮೆಯಾಗುತ್ತಿದೆ. ಪದಗಳನ್ನು ಸಂಕಲನಗಳು ಉಳಿಸಿಕೊಟ್ಟಿವೆ. ಆ ಪದಗಳು ಹುಟ್ಟಿದ ದುಡಿಮೆಯ ವಿವರಗಳನ್ನು ಬಲ್ಲವರಿಂದ ಕೇಳಿ ಬರೆದಿಡುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ.