ನಾಲ್ಕು ಊರು, ನಾಲ್ಕು ಬಗೆಯ ಬಾಡಿಗೆ

ಕುಷ್ಟಗಿ, ಯಲಬುರ್ಗಾ ಸೀಮೆಯ ಒಣಬೇಸಾಯದವರು ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವುದು ಹಳೆಯ ಕಥೆ. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣದಲ್ಲಿ ಊರ ಕಡೆ ಒಂದು ಪ್ಲಾಟು ಕೊಂಡು, ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರೆ ಮುಪ್ಪಿನ ಕಾಲಕ್ಕೆ ಆಸರೆಯಾದೀತು ಎಂಬುದು ಅಂಥ ಅನೇಕ ಕುಟುಂಬಗಳ ಲೆಕ್ಕಾಚಾರ. ಆದರೆ ಯಾವ ಊರಿನಲ್ಲಿ ಕೊಳ್ಳಬೇಕು? ಬ್ರಿಟನ್ನಿನಲ್ಲಿ ಬಾಡಿಗೆಗೆ ಬಿಡಲೆಂದೇ ಮನೆ ಕೊಳ್ಳುವವರಿಗೆ 1996ರಿಂದ ಪ್ರತ್ಯೇಕ ಸಾಲದ ಏರ್ಪಾಡಿದೆ. ಲಂಡನ್ ಮೇಲೋ, ಲಿವರ್‌ಪೂಲ್ ಮೇಲೋ ಎಂದು ತೂಗಿ ನೋಡುವುದು ಅಲ್ಲಿ ರೂಢಿ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ನಾಲ್ಕು ಮೂಲ ತಾಲ್ಲೂಕು ಕೇಂದ್ರಗಳನ್ನೂ ಹಾಗೆಯೇ ತೂಗಬಹುದು.

ತೂಗುವ ಕ್ರಮ ಸರಳವಾದುದು. ಉದಾಹರಣೆಗೆ, ದೊಡ್ಡ ಊರಿನಲ್ಲಿ 30 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 10 ಸಾವಿರ ಬಾಡಿಗೆ ಎಂದುಕೊಳ್ಳೋಣ. ವರ್ಷಕ್ಕೆ 1.20 ಲಕ್ಷ, ಅಂದರೆ ಶೇ. 4. ಸಣ್ಣ ಊರಿನಲ್ಲಿ 12 ಲಕ್ಷದ ಮನೆಗೆ 5 ಸಾವಿರ ಬಂದರೆ ಅದು ಶೇ. 5. ಸಣ್ಣ ಊರೇ ಲಾಭವೆನಿಸುತ್ತದೆ. ಆದರೆ ಮೊದಲನೆಯದು ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದು, ತೆರಿಗೆ, ಸುಣ್ಣಬಣ್ಣ, ದುರಸ್ತಿಗೆ 20 ಸಾವಿರ ಹೋದರೆ ಉಳಿಯುವುದು 90 ಸಾವಿರ. ಎರಡನೆಯದು ಮೂರು ತಿಂಗಳು ಖಾಲಿ ಬಿದ್ದು 9 ಸಾವಿರ ಖರ್ಚಾದರೆ ಉಳಿಯುವುದು 36 ಸಾವಿರ. ಎರಡೂ ಶೇ. 3ಕ್ಕೇ ಬಂದು ನಿಂತವು. ಲೆಕ್ಕ ಕೆಡಿಸಿದ್ದು ಬೀಗ ಬಿದ್ದ ತಿಂಗಳುಗಳು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಆ ಊರಿಗೆ ಹೊರಗಿನವರು ಯಾಕೆ ಬಂದು ನೆಲೆಸುತ್ತಾರೆ ಎಂಬುದು.

ಗಂಗಾವತಿಗೆ ಜನರನ್ನು ಕರೆತಂದದ್ದು ನೀರು. 1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಹಿಂದೆಯೇ ಅಕ್ಕಿ ಗಿರಣಿಗಳು, ಗೊಬ್ಬರದಂಗಡಿಗಳು ಬಂದವು. ಇಲ್ಲಿನ ಪೇಟೆಯ ಬಾಡಿಗೆ ಭತ್ತದ ಬೆನ್ನೇರಿದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಆತಂಕಗೊಂಡವರು ರೈತರಷ್ಟೇ ಆಗಿರಲಾರರು. ವಾರದೊಳಗೆ ತಾತ್ಕಾಲಿಕ ತಡೆ ಅಳವಡಿಸಿ ನೀರು ಉಳಿಸಿಕೊಳ್ಳಲಾಯಿತು.

ಕೊಪ್ಪಳದ ಬಾಡಿಗೆಗೆ ಆಧಾರ ನೌಕರಿ. ನಿಜಾಮರ ಕಾಲದಲ್ಲಿ ಸಾಲಾರ್ ಜಂಗರ ಜಹಗೀರಾಗಿದ್ದ ಊರು ಜಿಲ್ಲಾ ಕೇಂದ್ರವಾದೊಡನೆ ಕಚೇರಿಗಳು ಬಂದವು. ವೈದ್ಯಕೀಯ ಕಾಲೇಜು ಬಂತು. ಗಿಣಿಗೇರಿ, ಬೇವಿನಹಳ್ಳಿಗಳ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ. ವರ್ಗವಾಗಿ ಬರುವ ನೌಕರನಿಗೆ ಮನೆ ಬೇಕೇ ಬೇಕು. ಆದರೆ ಬಾಡಿಗೆದಾರರನ್ನು ತರುವ ಚಿಮಣಿಯೇ ಹೊಗೆಯನ್ನೂ ತರುತ್ತದೆ. ಕಾರ್ಖಾನೆ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಊರಿಗೆ ಊರೇ ಬಂದ್ ಆಚರಿಸಿತು.

ಕುಷ್ಟಗಿ ಹೆದ್ದಾರಿಯ ಊರು. ವಿಜಯಪುರ–ಹೊಸಪೇಟೆ ರಸ್ತೆಯ ಸಂಚಾರ ಅಂಗಡಿ ಮಳಿಗೆಗಳಿಗೆ ಒಳ್ಳೆಯದು. ವಾಸದ ಮನೆಗೆ ಅಷ್ಟಲ್ಲ, ಏಕೆಂದರೆ ಹಾದುಹೋಗುವವನು ಬಾಡಿಗೆ ಹಿಡಿಯುವುದಿಲ್ಲ. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಓಡಿದ್ದರಿಂದ ಇಲ್ಲೂ, ದಾರಿಯಲ್ಲಿರುವ ಯಲಬುರ್ಗಾದಲ್ಲೂ ಹೊಸ ಆಸೆ ಚಿಗುರಿದೆ. ಆದರೆ ರೈಲು ಜನರನ್ನು ತರುವಷ್ಟೇ ಸುಲಭವಾಗಿ ಒಯ್ಯಲೂ ಬಲ್ಲದು. ಬೆಳಗ್ಗೆ ಹೋಗಿ ಸಂಜೆ ಮರಳಬಲ್ಲ ನೌಕರ ಇಲ್ಲಿ ಮನೆ ಹುಡುಕುವುದಿಲ್ಲ.

ಇನ್ನು ಕಾನೂನಿನ ಮಾತು. ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ, ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ರೆಸಾರ್ಟ್‌ಗಳಿದ್ದವು. ಗಿರಾಕಿಗಳಿಗೆ ಬರವಿರಲಿಲ್ಲ. ಆದರೆ ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ್ದೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಅವುಗಳ ತೆರವನ್ನು ಎತ್ತಿಹಿಡಿಯಿತು. ಮರುತಿಂಗಳೇ ಅವು ನೆಲಸಮವಾದವು. ಹೊಲ ಒಡೆದು ಕಲ್ಲು ನೆಟ್ಟ ಬಡಾವಣೆಗಳಲ್ಲಿ ಪ್ಲಾಟು ಕೊಳ್ಳುವವರು ಭೂಪರಿವರ್ತನೆ ಆಗಿದೆಯೇ, ನಕ್ಷೆಗೆ ಮಂಜೂರಾತಿ ಇದೆಯೇ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡದೆ ಮುಂಗಡ ಕೊಡುವುದು ಅದೇ ಗತಿಯನ್ನು ಆಹ್ವಾನಿಸಿದಂತೆ.

ಪ್ಲಾಟಿನ ಬೆಲೆ ನಾಳೆಯ ಆಸೆಯನ್ನು ಹೇಳುತ್ತದೆ. ಬಾಡಿಗೆ ಇಂದಿನ ದುಡಿಮೆಯನ್ನು ಹೇಳುತ್ತದೆ. ಗುಳೆ ಹೋದವನಿಗೆ ತನ್ನ ಊರಿನ ಮೇಲೆ ಮಮತೆ ಇರುವುದು ಸಹಜ. ಆದರೆ ತಾನು ಊರು ಬಿಟ್ಟ ಕಾರಣವೇ ಅಲ್ಲಿಗೆ ಇನ್ನೊಬ್ಬ ಬರದಿರಲೂ ಕಾರಣವಾದೀತು. ಇರಲು ಮನೆ ಬೇಕಾದರೆ ಊರಿನಲ್ಲೇ ಕಟ್ಟಿಸಲಿ. ಬಾಡಿಗೆಯೇ ಅನ್ನವಾಗಬೇಕಾದರೆ, ದುಡಿಮೆ ಇರುವ ಊರನ್ನೇ ಹುಡುಕಬೇಕು.