ಟಗರೂ ಅಲ್ಲ, ಹೋತವೂ ಅಲ್ಲ: ಸ್ಪಿತಿಯಲ್ಲಿ ಭರಲ್‌ಗಳ ಬೆದೆಗಾಲ

ಕಳೆದ ರಾಜ್ಯೋತ್ಸವದಂದು ಸಂಘದ ಸಭಾಂಗಣದಲ್ಲಿ ನಾನು ತೆಗೆದ ಕೆಲವು ಛಾಯಾಚಿತ್ರಗಳನ್ನು ತೂಗುಹಾಕಲು ಅವಕಾಶ ದೊರೆತಿತ್ತು. ಹಿರಿಯರೊಬ್ಬರು ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಮೈಕಟ್ಟು ನೋಡಿದರೆ ಟಗರು, ಗುದ್ದಾಡುವ ರೀತಿ ನೋಡಿದರೆ ಹೋತ. ಇದು ಯಾವ ಪ್ರಾಣಿ?" ಎಂದು ಕೇಳಿದರು. ಅವರು ರಾಣೆಬೆನ್ನೂರಿನ ಕಡೆಯವರು, ಟಗರಿನ ಕಾಳಗಗಳನ್ನು ಕಂಡು ಬೆಳೆದವರು. ಪ್ರಾಣಿಶಾಸ್ತ್ರಜ್ಞರು ಬಹುಕಾಲ ತಲೆಕೆಡಿಸಿಕೊಂಡ ಪ್ರಶ್ನೆಯನ್ನೇ ಅವರು ಒಂದು ನೋಟದಲ್ಲಿ ಕೇಳಿಬಿಟ್ಟಿದ್ದರು. ಅಂದು ಅವಸರದಲ್ಲಿ ನೀಡಿದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ಆ ಪ್ರಾಣಿಯ ಹೆಸರು ಭರಲ್. 'ನೀಲಿ ಕುರಿ' ಎಂದೂ ಕರೆಯುತ್ತಾರೆ, ಆದರೆ ಅದರ ಬಣ್ಣ ನೀಲಿಯಲ್ಲ; ಬೂದು ಬಣ್ಣದ ಮೈಮೇಲೆ ಚಳಿಗಾಲದ ಬೆಳಕಿನಲ್ಲಿ ಹಲಗೆಬಳಪದಂತಹ ಛಾಯೆಯೊಂದು ಕಾಣುತ್ತದೆ, ಅಷ್ಟೆ. ಗಂಡಿನ ಎದೆ, ಮುಂಗಾಲುಗಳ ಮುಂಭಾಗ ಹಾಗೂ ಪಕ್ಕೆಯ ಪಟ್ಟಿ ಕಪ್ಪು, ಹೊಟ್ಟೆ ಬಿಳುಪು. ಕೊಂಬುಗಳು ಹೊರಕ್ಕೆ ಚಾಚಿ ಹಿಂದಕ್ಕೆ ಬಾಗಿರುತ್ತವೆ. ಹೋತದ ಗಡ್ಡವಿಲ್ಲ, ಹೋತದ ನಾತವೂ ಇಲ್ಲ. ವಿಜ್ಞಾನಿಗಳು ಇದರ ಕುಲಕ್ಕೆ ಇಟ್ಟಿರುವ 'ಸ್ಯೂಡೋಯಿಸ್' ಎಂಬ ಹೆಸರಿನ ಅರ್ಥವೇ 'ಹುಸಿ ಕುರಿ'. 1973ರಲ್ಲಿ ಜಾರ್ಜ್ ಶಾಲರ್ ಎಂಬ ಪ್ರಾಣಿಶಾಸ್ತ್ರಜ್ಞರು ಇದು ಕುರಿಯೋ ಮೇಕೆಯೋ ಎಂಬುದನ್ನು ತಿಳಿಯಲೆಂದೇ ನೇಪಾಳದ ದೋಲ್ಪೋ ಪ್ರದೇಶಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಹೊರಟದ್ದು ಶರತ್ಕಾಲದಲ್ಲಿ, ಏಕೆಂದರೆ ಪ್ರಾಣಿಯ ಸ್ವಭಾವ ಬಯಲಾಗುವುದು ಬೆದೆಗಾಲದಲ್ಲಿ. ಕುರಿಯ ಕೆಲವು ಲಕ್ಷಣಗಳುಳ್ಳ ಮೇಕೆಯೇ ಇದು ಎಂಬುದು ಅವರ ನಿರ್ಣಯ. ಮುಂದೆ ನಡೆದ ಅನುವಂಶಿಕ ಅಧ್ಯಯನಗಳು ಕೂಡ ಇದನ್ನು ಮೇಕೆಗಳ ಸಮೀಪದಲ್ಲಿಯೇ ಇರಿಸಿವೆ.

ದೆಹಲಿಯಲ್ಲಿರುವ ನಮಗೆ ಭರಲ್‌ಗಳನ್ನು ನೋಡಲು ಅನುಕೂಲವಾದ ಸ್ಥಳ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಿಬ್ಬರ್ ಗ್ರಾಮ. ಚಳಿಗಾಲದಲ್ಲಿ ಕುಂಜುಮ್ ಕಣಿವೆದಾರಿ ಮುಚ್ಚುವುದರಿಂದ ಮನಾಲಿಯ ಮಾರ್ಗವಿಲ್ಲ. ಶಿಮ್ಲಾ, ರಾಂಪುರ, ಕಿನ್ನೌರ್, ತಾಬೋ ಮೂಲಕ ಕಾಜಾ ತಲುಪಬೇಕು. ಕಿಬ್ಬರ್ ಇರುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಐವತ್ತು ದಾಟಿದವರು ದಾರಿಯಲ್ಲಿ ಒಂದೆರಡು ಕಡೆ ತಂಗಿ, ಗಾಳಿಗೆ ಮೈ ಒಗ್ಗಿಸಿಕೊಂಡೇ ಮೇಲೇರಬೇಕು. ಎಲ್‌ಎಫ್‌ಸಿ ರಜೆಯಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿಗೆ ಹೊರಟ ಗುಮಾಸ್ತ ನಾನೊಬ್ಬನೇ ಇರಬೇಕೆಂದು ನಮ್ಮ ಶಾಖೆಯಲ್ಲಿ ಈಗಲೂ ನಗುತ್ತಾರೆ.

ಬೇಸಿಗೆಯಲ್ಲಿ ಬೆಳೆದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ದೂರವಿರುತ್ತವೆ. ನವೆಂಬರ್ ಅಂತ್ಯದ ವೇಳೆಗೆ ಹೆಣ್ಣುಗಳ ಹಿಂಡನ್ನು ಸೇರುತ್ತವೆ. ಅಲ್ಲಿಂದ ಜನವರಿಯ ನಡುಭಾಗದವರೆಗೆ ಬೆದೆಗಾಲ. ಗಂಡು ಕತ್ತನ್ನು ತಗ್ಗಿಸಿ, ಮುಂದಕ್ಕೆ ಚಾಚಿ ಹೆಣ್ಣಿನ ಹಿಂದೆ ನಡೆಯುತ್ತದೆ. ಅದರ ಮೂತ್ರವನ್ನು ಮೂಸಿ, ಮೇಲ್ದುಟಿಯನ್ನು ಮೇಲೆತ್ತಿ ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಹೋರಿ, ಕೋಣಗಳು ಹೀಗೆ ಮಾಡುವುದನ್ನು ಕಂಡವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ಎಂಬುದನ್ನು ಅದು ಪರೀಕ್ಷಿಸುತ್ತಿರುತ್ತದೆ. ಸಮಬಲದ ಇನ್ನೊಂದು ಗಂಡು ಅಡ್ಡಬಂದರೆ ಕಾಳಗ. ಕಣದ ಟಗರುಗಳು ಹಿಂದೆ ಸರಿದು, ನೆಲದ ಮೇಲೆಯೇ ಓಡಿಬಂದು ಹಣೆಗೆ ಹಣೆ ಗುದ್ದುತ್ತವೆ. ಭರಲ್ ಹಾಗಲ್ಲ, ಹಿಂಗಾಲುಗಳ ಮೇಲೆ ಎದ್ದು ನಿಂತು, ಮುಂದಕ್ಕೆ ಬಾಗಿ, ತನ್ನ ಮೈಭಾರವನ್ನೆಲ್ಲ ಕೊಂಬಿಗೆ ಕೊಟ್ಟು ಎರಗುತ್ತದೆ. ಹಿರಿಯರ ಕಣ್ಣಿಗೆ ಬಿದ್ದದ್ದು ಇದೇ.

ಛಾಯಾಗ್ರಾಹಕನಿಗೆ ಇಲ್ಲಿ ಒಂದು ಮೋಸವಿದೆ. ಮೂರುನೂರು ಮೀಟರ್ ದೂರದ ಗುದ್ದಿನ ಶಬ್ದ ನಮ್ಮ ಕಿವಿಗೆ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಮೊದಲ ದಿನ ನಾನು ಶಬ್ದ ಕೇಳಿ ಗುಂಡಿ ಒತ್ತುತ್ತಿದ್ದೆ. ಸಿಕ್ಕಿದ್ದೆಲ್ಲ ಕೊಂಬು ಬಿಡಿಸಿಕೊಂಡು ಸುಮ್ಮನೆ ನಿಂತ ಎರಡು ಪ್ರಾಣಿಗಳು. ಒಂದು ಗಂಡಿನ ಮುಂಗಾಲು ನೆಲ ಬಿಟ್ಟ ಕ್ಷಣದಲ್ಲಿಯೇ ಒತ್ತಲು ಆರಂಭಿಸಬೇಕು, ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು. ಹಿಮದ ಬಿಳುಪನ್ನು ಕಂಡ ಕ್ಯಾಮರಾ ಬೆಳಕು ಅತಿಯಾಯಿತೆಂದು ಬಗೆದು ಚಿತ್ರವನ್ನು ಮಂಕಾಗಿಸುವುದರಿಂದ, ಎಕ್ಸ್‌ಪೋಷರ್ ಅನ್ನು ಒಂದು, ಒಂದೂವರೆ ಸ್ಟಾಪ್ ಏರಿಸಿಕೊಳ್ಳಬೇಕು. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಇನ್ನೊಂದನ್ನು ಒಳಅಂಗಿಯ ಜೇಬಿನಲ್ಲಿ ಬೆಚ್ಚಗಿಡಬೇಕು. ಸಂಜೆ ಒಲೆ ಉರಿಯುವ ಕೋಣೆಗೆ ಮರಳುವಾಗ ಕ್ಯಾಮರಾವನ್ನು ಹೊರಗಡೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಳಿಕ ಒಳಗೆ ತರಬೇಕು. ಇಲ್ಲವಾದರೆ ಲೆನ್ಸಿನ ಮೇಲೆಲ್ಲ ನೀರು ಕೂರುತ್ತದೆ. ಇಷ್ಟು ಸಾಕು, ಉಳಿದುದನ್ನು ಪುಸ್ತಕಗಳು ಹೇಳುತ್ತವೆ.

ಪುಸ್ತಕದಲ್ಲಿ ಓದಿಯೂ ನಾನು ಪಾಲಿಸದೇ ಹೋದ ಸಂಗತಿ ಬೇರೆ. ಎರಡನೆಯ ದಿನ ಬಿಸಿಲು ಬಿದ್ದ ಇಳಿಜಾರಿನಲ್ಲಿ, ಗಾಳಿ ಹಿಮವನ್ನು ಗುಡಿಸಿ ಒಣಹುಲ್ಲನ್ನು ತೆರೆದಿಟ್ಟ ಜಾಗದಲ್ಲಿ, ಹದಿನೈದು ಇಪ್ಪತ್ತು ಭರಲ್‌ಗಳು ಮೇಯುತ್ತಿದ್ದವು. ದೊಡ್ಡ ಗಂಡೊಂದು ಹೆಣ್ಣಿನ ಹಿಂದೆ ಬಿಡದೆ ನಡೆದಿತ್ತು. ಜೊತೆಗಿದ್ದ ಊರಿನ ಯುವಕ "ಸಾಕು ಅಂಕಲ್‌ಜೀ, ಇಲ್ಲಿಯೇ ಕೂರೋಣ" ಎಂದು ಹಿಂದಿಯಲ್ಲಿ ಹೇಳಿದರೂ ನಾನು ಇನ್ನೂ ಐವತ್ತು ಹೆಜ್ಜೆ ಮುಂದೆ ಹೋದೆ. ಮೊದಲು ಒಂದು ಹೆಣ್ಣು ತಲೆಯೆತ್ತಿತು, ಅನಂತರ ಎಲ್ಲವೂ. ಮರುಗಳಿಗೆಯಲ್ಲಿ ಇಡೀ ಹಿಂಡು ಕಡಿದಾದ ಬಂಡೆಯತ್ತ ಓಡಿತು. ಸಂಜೆಯಾದರೂ ಆ ಹುಲ್ಲಿಗೆ ಮರಳಲಿಲ್ಲ. ಯುವಕ ಏನೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ಓಟದ ಬೆಲೆ ಏನೆಂಬುದು ಲೆಕ್ಕದ ಮನುಷ್ಯನಾದ ನನಗೆ ಅಂದು ರಾತ್ರಿ ಹೊಳೆಯಿತು. ಬೆದೆಗಾಲದ ಗಂಡಿಗೆ ಮೇವಿನ ಕಡೆ ಗಮನ ಕಡಿಮೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಠೇವಣಿಯನ್ನು ಕರಗಿಸುತ್ತಲೇ ಅದು ಕಾದಾಡುತ್ತದೆ. ಅದರ ಮುಂದೆಯೇ ಜನವರಿ, ಫೆಬ್ರವರಿಗಳ ಕಡು ಚಳಿಯಿದೆ, ಹಿಮಚಿರತೆಯೂ ಇದೆ. ಬಳಲಿದ ಗಂಡು ಚಿರತೆಗೆ ಸುಲಭದ ತುತ್ತು. ಹೆಣ್ಣಿನ ಪಾಡೂ ಕಡಿಮೆಯದಲ್ಲ. ಸುಮಾರು 160 ದಿನಗಳ ಗರ್ಭವನ್ನು ಹೊತ್ತು, ಹೊಸ ಹುಲ್ಲು ಚಿಗುರುವ ಮೇ ಕೊನೆ, ಜೂನ್ ತಿಂಗಳವರೆಗೆ ಅದು ಈ ಒಣ ಕಡ್ಡಿಗಳಲ್ಲೇ ಬದುಕಬೇಕು. ಬಂಡೀಪುರದಲ್ಲಿ ಜೀಪಿನ ಸದ್ದಿಗೆ ಜಿಗಿದ ಜಿಂಕೆ ಹತ್ತು ಮಾರಿನಾಚೆ ಮತ್ತೆ ಮೇಯತೊಡಗುವುದನ್ನು ಕಂಡಿದ್ದ ನನಗೆ ಈ ವ್ಯತ್ಯಾಸ ಮೊದಲು ಅರಿವಾಗಿರಲಿಲ್ಲ.

ಆ ಹುಲ್ಲಿನ ಹಿಂದೆ ಇನ್ನೊಂದು ಕಥೆಯೂ ಇದೆ, ಅದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಸಾಕುಪ್ರಾಣಿಗಳು ಹೆಚ್ಚಾಗಿ ಭರಲ್‌ಗಳಿಗೆ ಮೇವು ಸಾಲದಾಗುತ್ತಿದ್ದುದನ್ನು ಮನಗಂಡು, ಮೈಸೂರಿನಲ್ಲಿ ನೆಲೆಗೊಂಡ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿ ಚಾರುದತ್ತ ಮಿಶ್ರ ಮತ್ತು ಸಂಗಡಿಗರು ಕಿಬ್ಬರ್ ಗ್ರಾಮಸ್ಥರೊಡನೆ ಮಾತುಕತೆ ನಡೆಸಿದರು. 1998ರ ಸುಮಾರಿಗೆ ಗ್ರಾಮಸ್ಥರು ತಮ್ಮದೇ ಹುಲ್ಲುಗಾವಲಿನ ಸುಮಾರು ಐದು ಚದರ ಕಿಲೋಮೀಟರನ್ನು ಮೇಯಿಸದೆ ಬಿಡಲು ಒಪ್ಪಿದರು. ಅಲ್ಲಿ ಭರಲ್‌ಗಳ ಸಂಖ್ಯೆ ಏರಿತು. ಯಾಕ್, ಕುದುರೆ, ಕತ್ತೆಗಳನ್ನು ನೆಚ್ಚಿದ ಜನ ಬಿಟ್ಟುಕೊಟ್ಟ ಹುಲ್ಲದು. ನಗರದಿಂದ ಒಂದು ವಾರಕ್ಕೆಂದು ಬಂದವನಿಗೆ ಅದರಿಂದ ಪ್ರಾಣಿಗಳನ್ನು ಅಟ್ಟುವ ಹಕ್ಕು ಎಲ್ಲಿಯದು?

ಕೊನೆಯ ಎರಡು ದಿನ ನಾನು ಎದುರು ಗುಡ್ಡದಲ್ಲಿ ಬಂಡೆಯೊಂದಕ್ಕೆ ಒರಗಿ, ಅಕ್ಕಿ ತುಂಬಿದ ಬಟ್ಟೆಯ ಚೀಲದ ಮೇಲೆ ಲೆನ್ಸ್ ಇಟ್ಟು ಕುಳಿತೆ. ಹಿಂಡು ತಾನಾಗಿಯೇ ಸ್ವಲ್ಪ ಹತ್ತಿರ ಬಂದಿತು, ಆದರೂ ನಡುವೆ ಒಂದು ಕಂದರವಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಗಂಡುಗಳು ಎದ್ದು ನಿಂತವು. ಸಭಾಂಗಣದಲ್ಲಿದ್ದುದು ಆ ಚಿತ್ರ. "ಇಷ್ಟು ಸಣ್ಣದಾಗಿ ತೆಗೆದಿದ್ದೀರಲ್ಲ, ಹತ್ತಿರ ಹೋಗಲಾಗಲಿಲ್ಲವೇ?" ಎಂಬುದು ಹಿರಿಯರ ಎರಡನೆಯ ಪ್ರಶ್ನೆಯಾಗಿತ್ತು. ಹೋಗಲಿಲ್ಲ ಎಂದೆ. ಬೆಳಕು ಕುಗ್ಗಿ ನಾವು ಊರಿನತ್ತ ಇಳಿಯುವಾಗಲೂ ಅವು ಅಲ್ಲಿಯೇ ಮೇಯುತ್ತಿದ್ದವು.